ಕಿತ್ತಳೆ ಉಪ್ಪಿನ ಕೋಣೆ

ನನ್ನ ದೊಡ್ಡಮ್ಮನನ್ನು ಫ್ಯಾಕ್ಟರಿಯಲ್ಲಿ ಎಲ್ಲರೂ ಮೂಗಕ್ಕ ಎಂದು ಕರೆಯುತ್ತಿದ್ದರು. ಹೊಸದಾಗಿ ಬಂದ ಲಾರಿ ಡ್ರೈವರ್ ಒಬ್ಬ ಆ ಹೆಸರು ಕೇಳಿ, ಪಾಪ ಮಾತು ಬಾರದ ಹೆಂಗಸು ಎಂದುಕೊಂಡು, ವಾರಗಟ್ಟಲೆ ಅವಳ ಜೊತೆ ಕೈಸನ್ನೆಯಲ್ಲೇ ವ್ಯವಹರಿಸಿದ. ಪೀಪಾಯಿ ಎಲ್ಲಿ ಇಳಿಸಲಿ ಎಂದು ಕೇಳಲು ಗಾಳಿಯಲ್ಲಿ ದೊಡ್ಡ ಸೊನ್ನೆ ಸುತ್ತಿ ತೋರಿಸುತ್ತಿದ್ದ. ದೊಡ್ಡಮ್ಮನೂ ಕಮ್ಮಿಯವಳಲ್ಲ, ಸನ್ನೆಯಲ್ಲೇ ಉತ್ತರ ಕೊಡುತ್ತಿದ್ದಳು. ಕೊನೆಗೆ ಒಂದು ದಿನ ಅವನು ಲಾರಿ ಹಿಂದಕ್ಕೆ ತರುತ್ತಾ ಚರಂಡಿಗೆ ಇಳಿಸುವುದರಲ್ಲಿದ್ದ. "ಕಣ್ಣೇನು ಮನೇಲಿ ಬಿಟ್ಟು ಬಂದಿದೀಯೇನೋ? ನಿಲ್ಸೋ!" ಎಂದು ಅವಳು ಕಿರುಚಿದಳು. ಮೂಗಿ ಮಾತಾಡಿದ್ದು ಕೇಳಿ ಅವನು ಬೆಚ್ಚಿಬಿದ್ದು ಬ್ರೇಕ್ ತುಳಿದ. ಲಾರಿ ಉಳಿಯಿತು.

ಮೂಗಕ್ಕ ಎಂದರೆ ಮೂಗಿನ ಅಕ್ಕ. ಅವಳ ಮೂಗು ಹುಟ್ಟಾ ಅಂಥದ್ದು. ಚಿಕ್ಕಂದಿನಲ್ಲಿ ಅವಳೂ ನನ್ನ ಅಮ್ಮನೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರಂತೆ. ಅಮ್ಮನಿಗೆ ಜ್ವರ ಬರುವ ಮುಂಚೆಯೇ, "ಇವಳ ವಾಸನೆ ಯಾಕೋ ಬದಲಾಗಿದೆ" ಎಂದು ದೊಡ್ಡಮ್ಮ ಅಜ್ಜಿಗೆ ಹೇಳುತ್ತಿದ್ದಳಂತೆ. ಮದುವೆಯಾದದ್ದೂ ಮೂಗಿನಿಂದಲೇ ಎಂದು ಮನೆಯಲ್ಲಿ ತಮಾಷೆ. ಮೂಲೆಯ ಬೇಕರಿಯಲ್ಲಿ ಒಲೆಯ ಮುಂದೆ ನಿಂತಿರುತ್ತಿದ್ದ ತರುಣನಿಗೆ ಒಂದು ದಿನ, "ಹಿಂದಿನ ಸಾಲಿನ ಬ್ರೆಡ್ಡು ತಳ ಹಿಡೀತಿದೆ, ನೋಡಿ" ಎಂದಳು. ಅವರು ಬಾಗಿಲು ತೆಗೆದು ನೋಡಿದರೆ ಹೌದು, ಆಗಷ್ಟೇ ಅಂಚು ಕಪ್ಪಾಗುತ್ತಿತ್ತು. ಅವರೇ ನನ್ನ ದೊಡ್ಡಪ್ಪ. "ಒಲೆ ಮುಂದೆ ನಾನಿದ್ದೆ, ಬೀದೀಲಿ ಅವಳಿದ್ದಳು. ಆದರೂ ಅವಳಿಗೆ ಮೊದಲು ಗೊತ್ತಾಯ್ತು. ಇಂಥವಳನ್ನ ಬಿಟ್ಟರೆ ನನ್ನ ವ್ಯಾಪಾರ ಉಳಿಯುತ್ತಾ?" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಅವರಿಗೆ ಮಕ್ಕಳಾಗಲಿಲ್ಲ. ಪಕ್ಕದ ಬೀದಿಯಲ್ಲಿ ನಮ್ಮ ಮನೆ. ಶಾಲೆ ಬಿಟ್ಟ ಮೇಲೆ ನಾನು ಇರುತ್ತಿದ್ದದ್ದು, ಉಣ್ಣುತ್ತಿದ್ದದ್ದು, ಎಷ್ಟೋ ಸಲ ಮಲಗುತ್ತಿದ್ದದ್ದು ದೊಡ್ಡಮ್ಮನ ಮನೆಯಲ್ಲೇ. ಬೇಕರಿಯ ಮೇಲಿನ ಎರಡು ಕೋಣೆ. ನೆಲ ಸದಾ ಬೆಚ್ಚಗಿರುತ್ತಿತ್ತು.

ಫ್ಯಾಕ್ಟರಿ ಊರಿನ ಅಂಚಿನಲ್ಲಿ, ಕಾಲುವೆಯ ಪಕ್ಕದಲ್ಲಿತ್ತು. ಸಾಬೂನಿಗೆ ಹಾಕುವ ಸುವಾಸನೆಯನ್ನು ಅಲ್ಲಿ ತಯಾರಿಸುತ್ತಿದ್ದರು. ದೊಡ್ಡಮ್ಮ ಮೊದಲು ಸೇರಿದ್ದು ಪ್ಯಾಕಿಂಗಿಗೆ. ಆಮೇಲೆ ಅವಳ ಮೂಗಿನ ಕೀರ್ತಿ ಕೇಳಿ ಮೇಸ್ತ್ರಿ ಅವಳನ್ನು ಒಳಗಿನ ಕೋಣೆಗೆ ಹಾಕಿದ. ಕಾಗದದಲ್ಲಿ ಅದಕ್ಕೆ ಉತ್ಕರ್ಷಣ ವಿಭಾಗ ಎಂಬ ಹೆಸರಿತ್ತು. ಎಲ್ಲರ ಬಾಯಲ್ಲಿ ಮಾತ್ರ ಕಿತ್ತಳೆ ಕೋಣೆ.

ಅಲ್ಲಿ ನಡೆಯುತ್ತಿದ್ದ ಕೆಲಸವನ್ನು ಅವಳು ನನಗೆ ಹೀಗೆ ಹೇಳುತ್ತಿದ್ದಳು: "ಒಂದು ಎಣ್ಣೆ ಬರುತ್ತೆ ಪುಟ್ಟಿ, ಗುಲಾಬಿ ವಾಸನೇದು. ಅದಕ್ಕೆ ಒಂದು ಉಪ್ಪು ಹಾಕ್ತೀವಿ. ಆ ಉಪ್ಪು ಎಣ್ಣೆಯಿಂದ ಒಂಚೂರು ಹೈಡ್ರೋಜನ್ ಕಿತ್ಕೊಳ್ಳುತ್ತೆ. ಅಷ್ಟೇ ಕಿತ್ಕೊಂಡಿದ್ದು. ಗುಲಾಬಿ ಹೋಗಿ ನಿಂಬೆ ಆಗಿಬಿಡುತ್ತೆ!"

ಉಪ್ಪು ಎಂದರೆ ಅಡುಗೆಗೆ ಹಾಕುವುದಲ್ಲ. ಡೈಕ್ರೋಮೇಟ್. ಸಂಜೆ ಬಿಸಿಲಿನಲ್ಲಿ ಹಿಡಿದ ಗಾಜಿನ ಹರಳಿನಂತೆ ಅಚ್ಚ ಕಿತ್ತಳೆ ಬಣ್ಣ. ಚೀಲದಿಂದ ಅದನ್ನು ತೊಟ್ಟಿಗೆ ಸುರಿದು, ನೀರಿನಲ್ಲಿ ಕರಗಿಸಿ, ಆಮ್ಲ ಸೇರಿಸಿ, ತಣ್ಣಗಿಟ್ಟ ಎಣ್ಣೆಗೆ ತೊಟ್ಟುತೊಟ್ಟಾಗಿ ಬಿಡಬೇಕು. ಆತುರಪಟ್ಟರೆ ಕಾವು ಏರಿ ಎಲ್ಲ ಉಕ್ಕಿಬರುತ್ತದೆ. ಬಿಟ್ಟ ಉಪ್ಪು ತನ್ನ ಕೆಲಸ ಮುಗಿಸುತ್ತಿದ್ದಂತೆ ಕಿತ್ತಳೆ ಹೋಗಿ ಕಂದು, ಕಂದು ಹೋಗಿ ಹಸಿರು. ಪೂರ್ತಿ ಹಸಿರಾದರೆ ಉಪ್ಪಿನ ಶಕ್ತಿ ಮುಗಿಯಿತು ಎಂದು ಅರ್ಥ. ನಿಂಬೆ ಹುಟ್ಟಿದ ಕೂಡಲೇ ಅದನ್ನು ಪಾತ್ರೆಯಿಂದ ಬೇರೆ ಮಾಡಿಬಿಡಬೇಕು. ಇಲ್ಲದಿದ್ದರೆ ಉಪ್ಪು ಅಲ್ಲಿಗೇ ನಿಲ್ಲದೆ ನಿಂಬೆಯನ್ನೂ ತಿಂದು ಹುಳಿ ಆಮ್ಲ ಮಾಡಿಡುತ್ತದೆ. ಆ ಗಳಿಗೆ ಹಿಡಿಯುವುದರಲ್ಲಿ ದೊಡ್ಡಮ್ಮ ಗಟ್ಟಿಗಿತ್ತಿ. ಬಣ್ಣ ಕಣ್ಣಿಗೆ ಹೇಳುವ ಮುಂಚೆ ವಾಸನೆ ಅವಳ ಮೂಗಿಗೆ ಹೇಳುತ್ತಿತ್ತು.

ಚೀಲ ಸುರಿಯುವಾಗ ಧೂಳು ಏಳುತ್ತಿತ್ತು. ಕಿಟಕಿಯಿಂದ ಬಂದ ಬಿಸಿಲಿನ ಪಟ್ಟಿಯಲ್ಲಿ ಕಿತ್ತಳೆ ಕಣಗಳು ತೇಲುವುದು ಚೆಂದವಾಗಿಯೇ ಕಾಣುತ್ತಿತ್ತಂತೆ. ಮೂಗು ಬಾಯಿಗೆ ಒಂದು ಬಟ್ಟೆ ಕಟ್ಟಿಕೊಳ್ಳುತ್ತಿದ್ದರು, ಕೈಗೆ ರಬ್ಬರ್ ಗವಸು. ವಾಸನೆ ನೋಡಬೇಕಾದಾಗ ದೊಡ್ಡಮ್ಮ ಬಟ್ಟೆ ಕೆಳಗೆ ಎಳೆಯುತ್ತಿದ್ದಳು. ಎಳೆಯದೆ ಹೇಗೆ? ಅದೇ ಅವಳ ಕೆಲಸವಾಗಿತ್ತಲ್ಲ. ಬೆರಳ ಸಂದಿಯಲ್ಲಿ ಸಣ್ಣ ಹುಣ್ಣುಗಳಾದವು. ದುಂಡಗೆ, ಆಳವಾಗಿ, ನೋವಿಲ್ಲದ ಹುಣ್ಣು. ಒಣಗಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಆ ಕೋಣೆಯಲ್ಲಿ ಕೆಲಸ ಮಾಡುವ ಎಲ್ಲ ಹೆಂಗಸರ ಕೈಯಲ್ಲೂ ಇತ್ತು. ಬಳೆ ಇದ್ದಂತೆ ಅದೂ ಇರುತ್ತದೆ ಎಂದುಕೊಂಡಿದ್ದರು. ಬೆಳಿಗ್ಗೆ ಮುಖ ತೊಳೆಯುವಾಗ ಮೂಗಿನಿಂದ ರಕ್ತ ಬರುವುದು, ಒಳಗೆ ಹಕ್ಕಳೆ ಕಟ್ಟುವುದು ಶುರುವಾಯಿತು. "ಉಷ್ಣ ಕಣೆ" ಎಂದು ನನಗೆ ಹೇಳಿ ತಣ್ಣೀರು ಚಿಮುಕಿಸಿಕೊಳ್ಳುತ್ತಿದ್ದಳು.

ಮನೆಯಲ್ಲಿ ಅವರಿಬ್ಬರದು ಒಂದು ಆಟವಿತ್ತು. ಸಂಜೆ ಅಂಗಡಿಯ ಕೆಲಸ ತಮ್ಮನಿಗೆ ಒಪ್ಪಿಸಿ ದೊಡ್ಡಪ್ಪ ಮೇಲೆ ಬರುವಾಗ ಬುಟ್ಟಿಯಲ್ಲಿ ಏನೋ ಒಂದನ್ನು ಬಟ್ಟೆ ಮುಚ್ಚಿ ತರುತ್ತಿದ್ದರು. "ಹೇಳು ನೋಡೋಣ" ಎನ್ನುತ್ತಿದ್ದರು. ದೊಡ್ಡಮ್ಮ ಕಣ್ಣು ಮುಚ್ಚಿ, "ಏಲಕ್ಕಿ ಬನ್ನು. ಆದರೆ ಬೆಣ್ಣೆ ನಿನ್ನೇದು" ಎಂದು ಹೇಳಿಬಿಡುತ್ತಿದ್ದಳು. ಒಂದು ದಿನವೂ ತಪ್ಪುತ್ತಿರಲಿಲ್ಲ. ಆಮೇಲಾಮೇಲೆ ತಪ್ಪತೊಡಗಿತು. ತಪ್ಪಿದಾಗ, "ಇವತ್ತು ನೆಗಡಿ" ಎನ್ನುವಳು. ಕೆಲವು ಸಲ ನಾನು ಕೆಳಗಿನಿಂದ ಬರುವುದನ್ನೇ ಕಾದಿದ್ದು, "ಇವತ್ತು ಒಲೇಲಿ ಏನಿದೆ ಪುಟ್ಟಿ?" ಎಂದು ಮೆತ್ತಗೆ ಕೇಳುವಳು. ಆಟದಲ್ಲಿ ಗೆಲ್ಲಲು ಮೋಸ ಮಾಡುತ್ತಿದ್ದಾಳೆ ಎಂದು ನನಗೆ ನಗು. ನಾನೂ ಹೇಳಿಕೊಡುತ್ತಿದ್ದೆ.

ದೊಡ್ಡಪ್ಪನಿಗೆ ಏನು ಅನುಮಾನ ಬಂತೋ. ಒಂದು ಸಂಜೆ ಎಂದಿನಂತೆ ಬುಟ್ಟಿ ಮುಂದಿಟ್ಟರು.

"ಹೇಳು ನೋಡೋಣ."

ದೊಡ್ಡಮ್ಮ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡಳು. "ಎಳ್ಳಿನ ಬ್ರೆಡ್ಡು. ಈಗಷ್ಟೇ ತೆಗೆದಿದೀರ. ಘಮ್ಮಂತಿದೆ."

ದೊಡ್ಡಪ್ಪ ಬಟ್ಟೆ ಎತ್ತಿದರು. ಬುಟ್ಟಿಯಲ್ಲಿ ಮಡಿಸಿಟ್ಟ ಗೋಣಿಚೀಲ ಬಿಟ್ಟರೆ ಇನ್ನೇನೂ ಇರಲಿಲ್ಲ.

ಅವರು ನಗಲು ಬಾಯಿ ತೆರೆದವರು ಅವಳ ಮುಖ ನೋಡಿ ಹಾಗೇ ನಿಂತರು. "ಎಷ್ಟು ದಿನದಿಂದ?" ಎಂದು ಕೇಳಿದರು.

ಅವಳು ಅವರ ಕೈಯಿಂದ ಬಟ್ಟೆ ತೆಗೆದುಕೊಂಡು ಮಡಿಸತೊಡಗಿದಳು.

"ನಿನ್ನೇ ಕೇಳ್ತಿರೋದು. ಎಷ್ಟು ದಿನದಿಂದ?"

"ದಿನ ಅಲ್ಲರೀ," ಎಂದಳು ದೊಡ್ಡಮ್ಮ. "ಹೋದ ಚಳಿಗಾಲದಿಂದ ಏನೂ ಇಲ್ಲ. ಫ್ಯಾಕ್ಟರೀಲಿ ಬಣ್ಣ ನೋಡ್ಕೊಂಡೇ ನಿಭಾಯಿಸ್ತಿದೀನಿ. ನಿಮಗೆ ಹೇಗೆ ಹೇಳೋದು ಅಂತ... ನೀವು ಅಷ್ಟು ಆಸೆಯಿಂದ ತರ್ತೀರ."

ದೊಡ್ಡಪ್ಪ ಬುಟ್ಟಿಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರು. ಹಿಟ್ಟು ಮೆತ್ತಿದ ಕೈಯನ್ನು ಅವಳ ಮೂಗಿನ ಹತ್ತಿರ ಹಿಡಿದರು. "ಇದು?" ಅವಳು ಇಲ್ಲವೆಂದು ತಲೆ ಆಡಿಸಿದಳು. ಎದ್ದು ಹೋಗಿ ಸಾಬೂನು ತಂದರು, ಸೀಮೆಎಣ್ಣೆಯ ಡಬ್ಬಿ ತಂದರು, ಕೊನೆಗೆ ಈರುಳ್ಳಿ ಹೆಚ್ಚಿ ತಂದರು. ಅವಳ ಕಣ್ಣಲ್ಲಿ ನೀರು ಬಂತು. "ಇದು ಗೊತ್ತಾಯ್ತಾ?" ಎಂದು ಅವರು ಆಸೆಯಿಂದ ಕೇಳಿದರು. "ಇಲ್ಲ ಕಣ್ರೀ, ಕಣ್ಣು ಉರೀತಿದೆ ಅಷ್ಟೇ" ಎಂದಳು.

ಡಾಕ್ಟರು ಅವಳ ಮೂಗಿನ ಒಂದು ಹೊಳ್ಳೆಯೊಳಗೆ ಸಣ್ಣ ಟಾರ್ಚ್ ಬಿಟ್ಟು ನೋಡಿದರು. ಬೆಳಕು ಇನ್ನೊಂದು ಹೊಳ್ಳೆಯಲ್ಲಿ ಕಾಣಿಸಿತು. ನಡುವಿನ ಗೋಡೆ ತೂತು ಬಿದ್ದಿತ್ತು. "ಈ ತೂತು ಮುಚ್ಚಬಹುದು, ಆಪರೇಷನ್ ಇದೆ. ಆದರೆ ವಾಸನೆ ತಿರುಗಿ ಬರೋದು ಕಷ್ಟ. ಅದರ ನರಗಳೇ ಹಾಳಾಗಿವೆ. ಏನು ಕೆಲಸ ಮಾಡ್ತೀರಿ?" ಎಂದರು. ಕೇಳಿದ ಮೇಲೆ ಪೆನ್ನು ಕೆಳಗಿಟ್ಟು, "ಆ ಕೆಲಸ ಬಿಡಿ" ಎಂದರು.

ಮನೆಗೆ ಬಂದ ಮೇಲೆ ದೊಡ್ಡಪ್ಪ ಹಿಡಿದ ಪಟ್ಟು ಬಿಡಲಿಲ್ಲ. "ನಾಳೆಯಿಂದ ಹೋಗಬೇಡ. ಅಂಗಡೀಲಿ ಕೂತ್ಕೋ."

"ಉಪ್ಪು ತಿಂದ ಮನೆ ಅದು."

"ತಿಂದಿದ್ದು ಸಾಲದಾ? ಉಪ್ಪು ನಿನ್ನನ್ನೇ ತಿಂದಿದೆ!"

ದೊಡ್ಡಮ್ಮ ಬೆರಳ ಸಂದಿಯ ಹುಣ್ಣು ಸವರಿಕೊಂಡಳು. "ನಾನು ಎದ್ದು ಬಂದರೆ ಆ ತೊಟ್ಟಿ ಮುಂದೆ ಇನ್ನೊಬ್ಬಳು ಬಂದು ನಿಲ್ತಾಳೆ. ಬರೋಳು ಪ್ಯಾಕಿಂಗಿನ ಆ ಹುಡುಗಿ. ಮೊನ್ನೆ ಮೊನ್ನೆ ಹೆತ್ತಿದಾಳೆ. ಮಗೂನ ಎತ್ಕೊಂಡಾಗೆಲ್ಲ ಅದರ ನೆತ್ತಿ ಮೂಸ್ತಾ ಇರ್ತಾಳೆ. ಅವಳ ಕೈಗೆ ಆ ಚೀಲ ಹೇಗೆ ಕೊಡಲಿ ಹೇಳಿ?"

ದೊಡ್ಡಪ್ಪ ಸಿಟ್ಟಿನಲ್ಲಿ ಕೆಳಗೆ ಹೋಗಿ, ಹೊತ್ತಲ್ಲದ ಹೊತ್ತಿನಲ್ಲಿ ಹಿಟ್ಟು ಕಲಸಿ ಬಡಿದರು. ಮೇಲಿನ ಕೋಣೆಯವರೆಗೂ ಸದ್ದು ಕೇಳುತ್ತಿತ್ತು.

ದೊಡ್ಡಮ್ಮ ಮೊದಲು ಯಜಮಾನರ ಹತ್ತಿರ ಹೋದಳು. ಅವರು ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರು. ನೋಡೋಣ, ಕೇಳೋಣ, ಬೇರೆ ಕಡೆ ಹೇಗೆ ಮಾಡ್ತಾರೋ ವಿಚಾರಿಸೋಣ ಎಂದು ಹೇಳಿ, ಟೀ ಕುಡಿಸಿ ಕಳಿಸಿದರು. ಹೊರಗೆ ಕಾಯುತ್ತಿದ್ದ ಹೆಂಗಸರು ಏನಾಯಿತು ಎಂದು ಕೇಳಿದ್ದಕ್ಕೆ, "ಮೂಗಿಗೆ ತುಪ್ಪ ಸವರಿದರು. ನಂಗೆ ಅದರ ವಾಸನೆನೂ ಬರಲಿಲ್ಲ" ಎಂದಳು. ಎಲ್ಲರೂ ನಕ್ಕರು. ಪ್ಯಾಕಿಂಗಿನ ಆ ಹುಡುಗಿ ಮಾತ್ರ ಅತ್ತುಬಿಟ್ಟಳಂತೆ.

ಆಗ ಫ್ಯಾಕ್ಟರಿಗೆ ಹೊಸ ಕೆಮಿಸ್ಟ್ ಬಂದಿದ್ದರು. ಕಾಲೇಜು ಮುಗಿಸಿದ ಹೊಸತು. ಯಾರದೋ ಹಳೆಯ ಬಿಳಿ ಕೋಟು ಹಾಕಿಕೊಂಡಿರುತ್ತಿದ್ದರು, ಅದು ಹಿಮ್ಮಡಿಯವರೆಗೂ ಇಳಿಯುತ್ತಿತ್ತು. ಹೀಗಾಗಿ ಅವರು ಕೋಟು ಮೇಡಂ. ದೊಡ್ಡಮ್ಮ ಅವರ ಲ್ಯಾಬಿಗೆ ಹೋಗಿ ಡಾಕ್ಟರು ಹೇಳಿದ್ದನ್ನು ಹೇಳಿದಳು. ಕೋಟು ಮೇಡಂ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡೂ ಕೈ ತಿರುಗಿಸಿ ತಿರುಗಿಸಿ ಬೆರಳ ಸಂದಿ ನೋಡಿದರು.

"ಅಕ್ಕ, ಇದು ನಮಗೆ ಪುಸ್ತಕದಲ್ಲಿ ಇತ್ತು. ಕ್ರೋಮಿಯಂ ಹೀಗೆ ಮಾಡುತ್ತೆ ಅಂತ ಓದಿ, ಪರೀಕ್ಷೇಲಿ ಬರೆದು ಪಾಸಾಗಿದೀನಿ. ಕೈ ನೋಡಿದ್ದು ಇದೇ ಮೊದಲು" ಎಂದರು.

"ಬೇರೆ ಉಪ್ಪು ಇಲ್ವಾ ಮೇಡಂ? ಇದೇ ಕೆಲಸ ಮಾಡೋದು?"

"ಇದೆ. ನಮ್ಮ ಎಣ್ಣೆಗೆ ಹೊಂದುತ್ತಾ ನೋಡಬೇಕು. ನೀವು ಜೊತೆಗಿರ್ತೀರಾ?"

ಹಾಗೆ ಬಂದದ್ದು ಬಿಳಿ ಉಪ್ಪು. ಅದರ ಹೆಸರು ಪೆರಾಕ್ಸಿಮೊನೊಸಲ್ಫೇಟ್. ಆ ಹೆಸರು ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡ ಮೇಲೆ ಎಲ್ಲರೂ ಅದನ್ನು ಬಿಳಿ ಉಪ್ಪು ಎಂದೇ ಕರೆದರು. ನೋಡಲು ಬಟ್ಟೆ ಸೋಪಿನ ಪುಡಿಯಂತೆ, ಬೆಳ್ಳಗೆ, ಸಾಧುವಾಗಿ. ಅದರ ಮೈಯಲ್ಲೂ ಒಂದು ಬಿಡಿ ಆಮ್ಲಜನಕ ತುದಿಗಾಲಲ್ಲಿ ನಿಂತಿರುತ್ತದೆಯಂತೆ. ಅದನ್ನು ಕೊಟ್ಟು ಮುಗಿಸಿದ ಮೇಲೆ ಉಳಿಯುವುದು ಬರೀ ಸಲ್ಫೇಟ್, ವಿಷವಲ್ಲ. ಕಿತ್ತಳೆ ಉಪ್ಪು ಉಳಿಸುತ್ತಿದ್ದ ಹಸಿರು ಕೆಸರನ್ನು ಹಿತ್ತಲಿನ ಪೀಪಾಯಿಗಳಲ್ಲಿ ಕೂಡಿಡಬೇಕಾಗಿತ್ತು. ಇದಕ್ಕೆ ಆ ರಗಳೆಯಿಲ್ಲ.

ಹಾಗಂತ ಮೈಮರೆಯುವ ಹಾಗಿಲ್ಲ ಎಂದು ಕೋಟು ಮೇಡಂ ಮೊದಲ ದಿನವೇ ಹೆಂಗಸರನ್ನೆಲ್ಲ ಸೇರಿಸಿ ಹೇಳಿದರು. ಬೆಚ್ಚಗಿನ ಜಾಗದಲ್ಲಿ, ತೇವದಲ್ಲಿ ಇಟ್ಟರೆ ಅದು ತನ್ನಷ್ಟಕ್ಕೆ ಕೆಡುತ್ತದೆ, ಕಾವೇರುತ್ತದೆ. ಧೂಳು ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗುವುದಿಲ್ಲ. ಅಡುಗೆ ಉಪ್ಪಿನ ಜೊತೆ ಒದ್ದೆಯಾಗಿ ಬೆರೆತರೆ ಕ್ಲೋರಿನ್ ಗಾಳಿ ಏಳುತ್ತದೆ. "ಅದಕ್ಕೇ ಹೇಳ್ತಿದೀನಿ, ಊಟದ ಡಬ್ಬಿ ಈ ಕೋಣೆಗೆ ತರಬೇಡಿ" ಎಂದರು. ಅಲ್ಲಿಯವರೆಗೆ ಎಲ್ಲರೂ ತೊಟ್ಟಿಯ ಪಕ್ಕದ ಬೆಂಚಿನಲ್ಲೇ ಕೂತು ಊಟ ಮಾಡುತ್ತಿದ್ದರು. ಕಿತ್ತಳೆ ಉಪ್ಪಿನ ಕಾಲದಲ್ಲಿ ಯಾರೂ ಬೇಡ ಎಂದಿರಲಿಲ್ಲ.

ಮೊದಲ ಪ್ರಯೋಗ ಕೆಟ್ಟಿತು. ಬಿಳಿ ಉಪ್ಪಿಗೆ ಬಣ್ಣವೇ ಇಲ್ಲ. ಎಷ್ಟು ಕೆಲಸ ಆಯಿತು, ಎಷ್ಟು ಉಳಿಯಿತು ಎಂದು ಪಾತ್ರೆ ನೋಡಿ ತಿಳಿಯುವಂತಿಲ್ಲ. ನೀರಿನಲ್ಲಿ ಕರಗಿಸಿ ಹಾಕಿದ್ದರಿಂದ ಅದು ನಿಂಬೆಯ ಹಂತ ದಾಟಿ ಸೀದಾ ಹುಳಿಗೇ ಹೋಗಿಬಿಟ್ಟಿತ್ತು. ಅದು ಕೆಟ್ಟಿದ್ದು ದೊಡ್ಡಮ್ಮನಿಗೆ ಗೊತ್ತಾದದ್ದು ಪಕ್ಕದವಳು ಮೂಗು ಮುಚ್ಚಿಕೊಂಡಾಗ. "ಏನಾಯ್ತೆ? ಹೇಗಿದೆ ವಾಸನೆ?" ಎಂದು ಕೇಳಿದಳು. "ಹಳೇ ಎಣ್ಣೆ ಹುಳಿ ಬಂದ ಹಾಗೆ ಅಕ್ಕ" ಎಂದಳು ಅವಳು. ಅಷ್ಟು ವರ್ಷ ಎಲ್ಲರಿಗೂ ತಾನು ಹೇಳುತ್ತಿದ್ದ ಸಂಗತಿಯನ್ನು ಇನ್ನೊಬ್ಬರನ್ನು ಕೇಳಬೇಕಾಗಿ ಬಂತಲ್ಲ, ಆ ದಿನ ಮನೆಗೆ ಬಂದು ದೊಡ್ಡಮ್ಮ ಊಟ ಮಾಡಲಿಲ್ಲ.

ಯಜಮಾನರಿಗೆ ಹಿಂದೆ ಸರಿಯಲು ಅಷ್ಟೇ ಸಾಕಾಗಿತ್ತು. ಆದರೆ ಕೋಟು ಮೇಡಂ ಮೊಂಡು ಸ್ವಭಾವದವರು. ಬೇಸಿಗೆಯಿಡೀ ಲ್ಯಾಬಿನಲ್ಲೇ ಬಿದ್ದಿದ್ದರು. ಕೊನೆಗೆ ದಾರಿ ಸಿಕ್ಕಿತು. ಉಪ್ಪನ್ನು ನೀರಿನಲ್ಲಿ ಕರಗಿಸದೆ ನುಣ್ಣಗೆ ಪುಡಿಮಾಡಿ ಬೇರೊಂದು ದ್ರಾವಕದಲ್ಲಿ ತೇಲಿಬಿಡುವುದು, ಅಯೋಡಿನ್ ಸೇರಿದ ಯಾವುದೋ ಒಂದು ಪುಡಿಯನ್ನು ಚಿಟಿಕೆಯಷ್ಟು ಹಾಕುವುದು. ಎಣ್ಣೆಯಿಂದ ಹೈಡ್ರೋಜನ್ ಕಿತ್ತುಕೊಳ್ಳುವುದು ಆ ಚಿಟಿಕೆ ಪುಡಿಯೇ. ಅದು ದಣಿದಾಗಲೆಲ್ಲ ಬಿಳಿ ಉಪ್ಪು ಆಮ್ಲಜನಕ ಕೊಟ್ಟು ಮತ್ತೆ ಎಬ್ಬಿಸುತ್ತದೆ. ಹೀಗೆ ಮಾಡಿದಾಗ ಅದು ನಿಂಬೆಯಲ್ಲೇ ನಿಂತಿತು. ಬಣ್ಣದ ಬದಲು ಒಂದು ಕಾಗದದ ಪಟ್ಟಿ ಬಂತು. ಪಾತ್ರೆಯ ಒಂದು ಹನಿ ತಾಗಿಸಿದರೆ, ಉಪ್ಪಿನ ಶಕ್ತಿ ಇನ್ನೂ ಉಳಿದಿದ್ದರೆ ಪಟ್ಟಿ ಕಡುನೀಲಿಯಾಗುತ್ತದೆ, ಮುಗಿದಿದ್ದರೆ ಬೆಳ್ಳಗೇ ಇರುತ್ತದೆ. ಮೂಗು ಇಲ್ಲದವರೂ ಮಾಡಬಹುದಾದ ಕೆಲಸ.

ದೊಡ್ಡ ಪಾತ್ರೆಯಲ್ಲಿ ಮೊದಲ ಸಲ ಮಾಡಿದ ದಿನ ನಾನೂ ಅಲ್ಲಿದ್ದೆ. ಆಗ ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಉಪ್ಪಿನ ಧೂಳು ತಾಗದಂತೆ ಕಣ್ಣಿಗೆ ಕಟ್ಟಿಕೊಳ್ಳುವ ಕನ್ನಡಕಗಳನ್ನು ತಲುಪಿಸಲು ಹೋಗಿದ್ದೆ. ಕೋಣೆಯ ಬಾಗಿಲು ತೆರೆದದ್ದೇ ತಡ, ಯಾರೋ ಬುಟ್ಟಿಗಟ್ಟಲೆ ನಿಂಬೆ ಹಿಂಡಿದ ಹಾಗೆ ವಾಸನೆ ಹೊರಗೆ ನುಗ್ಗಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಯಜಮಾನರು ಕರ್ಚೀಫಿನಿಂದ ಹಣೆ ಒರೆಸಿಕೊಂಡರು. ದೊಡ್ಡಮ್ಮ ನಡುವೆ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಎಲ್ಲರೂ ನಗುತ್ತಿರುವುದು ನೋಡಿ ಅವಳೂ ನಕ್ಕಳು.

ಆ ವರ್ಷವೇ ಕಿತ್ತಳೆ ಚೀಲಗಳು ಬರುವುದು ನಿಂತಿತು. ಗೋಡೆಗೆ ಸುಣ್ಣ ಹೊಡೆಸಿದರು. ಪ್ಯಾಕಿಂಗಿನ ಆ ಹುಡುಗಿ ಒಳಗಿನ ಕೋಣೆಗೆ ಬಂದಳು. ದೊಡ್ಡಮ್ಮ ಅವಳಿಗೆ ಕೆಲಸ ಕಲಿಸಿದಳು. ಬಿಳಿ ಉಪ್ಪೇ ಆದರೂ ಮುಖದ ಬಟ್ಟೆ ಇಳಿಸಿದರೆ ಬೈಯುತ್ತಿದ್ದಳು. ಆ ಬೈಗುಳ ಕೇಳಿದ್ದರೆ ಹಳೇ ಲಾರಿ ಡ್ರೈವರ್ ಕೂಡ ನಡುಗುತ್ತಿದ್ದ.

ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ದೊಡ್ಡಪ್ಪ ಹೋದರು. ಬೆಳಗಿನ ಮೊದಲ ಒಲೆಯ ಬ್ರೆಡ್ಡು ತೆಗೆದಿಟ್ಟು, ಬಾಗಿಲ ಹತ್ತಿರ ಗಾಳಿಗೆ ನಿಂತವರು ಗೋಡೆಗೆ ಒರಗಿ ಕುಸಿದರು. ಎದೆಬಡಿತ ನಿಂತುಹೋಗಿತ್ತು. ಕೆಳಗಿನಿಂದ ಅವರ ತಮ್ಮ ಕೂಗಿದಾಗ ದೊಡ್ಡಮ್ಮ ಕೆಲಸಕ್ಕೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು. ಹಣಿಗೆ ಕೂದಲಲ್ಲೇ ಸಿಕ್ಕಿಸಿಕೊಂಡು ಇಳಿದು ಬಂದಳು.

ಮಣ್ಣು ಮಾಡಿ ಬಂದ ಮೇಲೆ ನಾನು ಅವಳ ಜೊತೆಗೇ ಉಳಿದೆ. ನೆಂಟರೆಲ್ಲ ಒಬ್ಬೊಬ್ಬರಾಗಿ ಹೊರಟರು. ಅಮ್ಮ ಹೋಗುವ ಮುಂಚೆ ದೊಡ್ಡಪ್ಪನ ಬಟ್ಟೆಗಳನ್ನೆಲ್ಲ ಒಗೆಯಲು ತೆಗೆದಿಟ್ಟಳು. ದೊಡ್ಡಮ್ಮ ಬಂದು ರಾಶಿಯಿಂದ ಒಂದು ಅಂಗಿಯನ್ನು ಎಳೆದುಕೊಂಡು, "ಇದೊಂದು ಇರಲಿ" ಎಂದಳು. ಕೊನೆಯ ದಿನದ ಹಿಂದಿನ ಸಂಜೆ ಅವರು ಬಿಚ್ಚಿ ಮೊಳೆಗೆ ಹಾಕಿದ್ದ ಅಂಗಿ ಅದು.

ಮಾರನೆಯ ಮಧ್ಯಾಹ್ನ ನಾನು ನೀರು ಹಿಡಿದು ಒಳಗೆ ಬಂದೆ. ಅವಳು ಮಂಚದ ಅಂಚಿನಲ್ಲಿ ಕೂತಿದ್ದಳು. ಅಂಗಿಯನ್ನು ಮುಖಕ್ಕೆ ಒತ್ತಿ ಹಿಡಿದಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ಅಳುತ್ತಿರಲಿಲ್ಲ. ಉಸಿರು ಎಳೆದುಕೊಳ್ಳುತ್ತಿದ್ದಳು. ಜೋರಾಗಿ, ಎದೆ ಉಬ್ಬುವ ಹಾಗೆ, ಮತ್ತೆ ಮತ್ತೆ. ಬಾವಿಗೆ ಕೊಡ ಇಳಿಸಿ ಬರೀ ಕೊಡ ಎಳೆದುಕೊಂಡ ಹಾಗೆ. ನನ್ನನ್ನು ನೋಡಿ ಅಂಗಿ ಚಾಚಿದಳು.

"ಪುಟ್ಟಿ, ವಾಸನೆ ಇದೆಯಾ ನೋಡು."

ನಾನು ಮೂಸಿ ನೋಡಿದೆ.

"ಇದೆ ದೊಡ್ಡಮ್ಮ."

"ಹೇಗಿದೆ? ಸುಮ್ನೆ ಇದೆ ಅಂದರೆ ಹೇಗೆ, ಬಿಡಿಸಿ ಹೇಳು."

"ಬೆವರು. ಹಿಟ್ಟು. ಹೊಗೆ ಸ್ವಲ್ಪ."

"ಎಂಥಾ ಹೊಗೆ? ಸೌದೇದಾ, ಬೀಡೀದಾ?"

"ಸೌದೇದು. ಕಾಲರಿನ ಹತ್ರ ಕೂದಲಿಗೆ ಹಚ್ಚೋ ಎಣ್ಣೆ ವಾಸನೆ. ಮತ್ತೆ... ಹುಳಿ ಹುಳಿಯಾಗಿ ಏನೋ ಇದೆ."

"ಹಿಟ್ಟು ಹುದುಗಿದ್ದು ಅದು," ಎಂದಳು. ಅವಳ ಮುಖ ಒಂದು ಕ್ಷಣ ಬೆಳಗಿತು. "ತೋಳಿನ ಹತ್ರ ಇರುತ್ತೆ. ಹಿಟ್ಟಿನ ತೊಟ್ಟಿಗೆ ಮೊಣಕೈವರೆಗೂ ಕೈ ಹಾಕ್ತಿದ್ದರಲ್ಲ. ಮದುವೆಯಾದ ಹೊಸತರಲ್ಲಿ ನಾನು ಬೈತಿದ್ದೆ, ಸ್ನಾನ ಮಾಡಿ ಬನ್ನಿ ಅಂತ."

ಆಮೇಲೆ ಅಂಗಿಯನ್ನು ತೊಡೆಯ ಮೇಲೆ ಹರಡಿ, ಕೈಯಿಂದ ನೇವರಿಸುತ್ತಾ, ಆಗ ಅತ್ತಳು.

ಆಮೇಲೂ ಆಗಾಗ ಅಂಗಿ ತಂದುಕೊಡುತ್ತಿದ್ದಳು. ನಾನು ಮೂಸಿ ಹೇಳುತ್ತಿದ್ದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಇಡುತ್ತಿದ್ದಳು. ಆದರೂ ವಾಸನೆಯನ್ನು ಕಟ್ಟಿಹಾಕಲು ಯಾರಿಂದಾದೀತು? ಮೊದಲು ಹೊಗೆ ಹೋಯಿತು, ಆಮೇಲೆ ಹಿಟ್ಟು. ಒಂದು ದಿನ ನಾನು ಕಾಲರು, ತೋಳು, ಬೆನ್ನು ಎಲ್ಲ ಕಡೆ ನೋಡಿದೆ.

"ಟ್ರಂಕಿನ ವಾಸನೆ ಅಷ್ಟೇ ಇದೆ ದೊಡ್ಡಮ್ಮ."

ಅವಳು ತಲೆಯಾಡಿಸಿದಳು. "ನಿಂಗೂ ಇಲ್ಲ, ನಂಗೂ ಇಲ್ಲ. ಈಗ ಇಬ್ಬರೂ ಸಮ ಆದೆವು" ಎಂದು ಎದ್ದು ಹೋಗಿ ಬಕೆಟ್ಟಿಗೆ ನೀರು ಬಿಟ್ಟಳು. ಅಂಗಿಯನ್ನು ತಾನೇ ಒಗೆದು ತಂತಿಗೆ ಹರವಿದಳು. ಒಣಗಿದ ಮೇಲೆ ಇಸ್ತ್ರಿ ಮಾಡಿ ದೊಡ್ಡಪ್ಪನ ತಮ್ಮನಿಗೆ ಕೊಟ್ಟಳು.

ಬೇಕರಿಯ ಮೇಲೆ ಇರಲು ಅವಳಿಗೆ ಆಗಲಿಲ್ಲ. ಕಾಲುವೆಯ ಆಚೆ ಒಂದು ಸಣ್ಣ ಮನೆ ಹಿಡಿದಳು. ನಿವೃತ್ತಿಯಾಗುವವರೆಗೂ ಕೆಲಸ ಮಾಡಿದಳು. ಬಿಡುವಿನ ದಿನ ನನ್ನ ಮನೆಗೆ ಬಂದು ನನ್ನ ಮಗಳ ಜೊತೆ ಇಸ್ಪೀಟು ಆಡುತ್ತಿದ್ದಳು. ಹಳೆಯ ಮೋಸದ ಬುದ್ಧಿ ಬಿಟ್ಟಿರಲಿಲ್ಲ.

ಕೆಮ್ಮು ಶುರುವಾದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಮೊದಲು ಚಳಿಗೆ ಎಂದಳು, ಆಮೇಲೆ ವಯಸ್ಸಿಗೆ ಎಂದಳು. ಒಂದು ದಿನ ಕರವಸ್ತ್ರದಲ್ಲಿ ರಕ್ತ ಕಂಡು ನಾನೇ ಎಳೆದುಕೊಂಡು ಹೋದೆ. ಎಕ್ಸ್‌ರೇ ಹಿಡಿದ ಡಾಕ್ಟರು ಬೀಡಿ, ಸಿಗರೇಟು, ಹೊಗೆಸೊಪ್ಪು ಎಂದು ಒಂದೊಂದಾಗಿ ಕೇಳಿದರು. ಯಾವುದೂ ಅಲ್ಲ. ಕಿತ್ತಳೆ ಉಪ್ಪಿನ ಹೆಸರು ಹೇಳಿದಾಗ ಅವರು ಎಕ್ಸ್‌ರೇಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. "ಎದೆಯೊಳಗೆ ಹೋದದ್ದು ಮರೆಯೋದಿಲ್ಲ. ತಡವಾಗಿಯಾದರೂ ಹೀಗೆ ಬರುತ್ತೆ" ಎಂದರು. ಶ್ವಾಸಕೋಶದ ಕ್ಯಾನ್ಸರ್, ಆಗಲೇ ಬೇರೆ ಕಡೆಗೂ ಹಬ್ಬಿತ್ತು.

ಆಸ್ಪತ್ರೆಗೆ ಕೋಟು ಮೇಡಂ ಬಂದರು. ತಲೆ ಅರ್ಧ ನರೆತಿತ್ತು, ಈಗ ಅವರೇ ಫ್ಯಾಕ್ಟರಿಯ ಮ್ಯಾನೇಜರು. ಮಂಚದ ಪಕ್ಕ ಕೂತು ದೊಡ್ಡಮ್ಮನ ಕೈ ತಿರುಗಿಸಿ ಬೆರಳ ಸಂದಿಯ ಹಳೆಯ ಕಲೆ ನೋಡಿದರು.

"ನಾನು ಇನ್ನೂ ಮುಂಚೆ ಬಂದಿದ್ದರೆ..." ಎಂದರು.

"ಮುಂಚೆ ಎಲ್ಲಿಂದ ಬರ್ತೀರಿ ಮೇಡಂ, ಆಗ ನೀವು ಲಂಗ ಹಾಕ್ಕೊಂಡು ಶಾಲೆಗೆ ಹೋಗ್ತಿದ್ದಿರಿ" ಎಂದಳು ದೊಡ್ಡಮ್ಮ. ಮಾತಿನ ನಡುವೆ ಉಸಿರಿಗೆ ನಿಲ್ಲಬೇಕಾಗುತ್ತಿತ್ತು. "ನಂದು ಹೋಗಿ ಆಗಿತ್ತು. ಆ ಹುಡುಗೀದು ಉಳೀತಲ್ಲ. ಅವಳ ಮಗಳ ಮದುವೆ ಅಂತೆ, ಬಂದು ಕರೆದಳು."

"ನಾನೂ ಹೋಗ್ತಿದೀನಿ."

"ನನ್ನ ಲೆಕ್ಕದಲ್ಲೂ ಒಂದು ತುತ್ತು ತಿಂದು ಬನ್ನಿ. ರುಚಿ ಹೇಗೂ ನಂಗೆ ಗೊತ್ತಾಗಲ್ಲ" ಎಂದು ನಗಲು ಹೋಗಿ ಕೆಮ್ಮಿದಳು.

ಮದುವೆಗೆ ಇನ್ನೂ ದಿನವಿರುವಾಗಲೇ, ಒಂದು ಮಧ್ಯಾಹ್ನ, ಹೋಗಿಬಿಟ್ಟಳು. ನಾನು ಅವಳ ಕಾಲು ಒತ್ತುತ್ತಿದ್ದೆ. ಮಗ್ಗುಲಿನ ಮಂಚದವರ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಉಸಿರು ನಿಧಾನವಾಯಿತು, ಮತ್ತೂ ನಿಧಾನವಾಯಿತು. ನಾನು ಮುಂದಿನದಕ್ಕೆ ಕಾದೆ. ಬರಲಿಲ್ಲ. ನರ್ಸಮ್ಮ ಬಂದು ಕಣ್ಣು ಮುಚ್ಚಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟು, "ಯಾರಾಗಬೇಕು ನಿಮಗೆ?" ಎಂದರು. ಹೇಳಲು ಹೋದರೆ ಬಾಯಿಂದ ಸ್ವರ ಹೊರಡಲಿಲ್ಲ.

ಒಳಗಿನ ಕೋಣೆಯ ಹೆಂಗಸರು ಪಾಳಿ ಮುಗಿಸಿ, ಮುಖ ಕೂಡ ತೊಳೆಯದೆ ನೇರ ಬಂದಿದ್ದರು. ಯಜಮಾನರ ಮಗ ಹಾರ ಕಳಿಸಿದ್ದ. ಎಲ್ಲ ಮುಗಿದ ಮೇಲೆ, ಅವಳ ಮನೆಯ ನಾಲ್ಕು ಪಾತ್ರೆ, ಟ್ರಂಕು, ಹಾಸಿಗೆ ಸಾಗಿಸಿ, ಕೀಲಿಕೈಯನ್ನು ಮನೆಯೊಡತಿಗೆ ಒಪ್ಪಿಸಿ ನಾನು ಬಸ್ಸು ಹತ್ತಿದೆ.

ಬಸ್ಸು ತುಂಬಿತ್ತು. ಕಂಬ ಹಿಡಿದು ನಿಂತಿದ್ದೆ. ಅಳುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಎದುರು ಸೀಟಿನಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸೊಬ್ಬರು ನನ್ನ ಸೆರಗು ಜಗ್ಗಿದರು.

"ಯಾಕಮ್ಮ, ಏನಾಯ್ತು?"

"ನಮ್ಮ ದೊಡ್ಡಮ್ಮ ಹೋದಳು" ಎಂದೆ.

ಅವರು ಎದ್ದು ನನ್ನನ್ನು ತಮ್ಮ ಜಾಗದಲ್ಲಿ ಕೂರಿಸಿದರು. ಮುಂದಿನ ಎಷ್ಟೋ ನಿಲ್ದಾಣಗಳವರೆಗೆ, ಜನ ಹತ್ತಿ ಇಳಿಯುತ್ತಿದ್ದರೂ, ನನ್ನ ಪಕ್ಕದಲ್ಲೇ ನಿಂತಿದ್ದರು.